ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬಸ್ಟರ್ ಡಗ್ಲಸ್ ಪ್ರಕರಣ

1990ರ ಫೆಬ್ರುವರಿ. ಲಾಸ್ ವೇಗಸ್‌ನ ಮಿರಾಜ್ ಕ್ಯಾಸಿನೊ ಟೋಕಿಯೊದಲ್ಲಿ ನಡೆಯಲಿದ್ದ ಒಂದು ಬಾಕ್ಸಿಂಗ್ ಪಂದ್ಯಕ್ಕೆ ಬೆಟ್ಟಿಂಗ್ ದರ ಹಾಕಿತ್ತು. ಒಂದು ಕಡೆ ಸೋಲೇ ಕಾಣದ ಹೆವಿವೇಟ್ ವಿಶ್ವ ಚಾಂಪಿಯನ್ ಮೈಕ್ ಟೈಸನ್, ಇನ್ನೊಂದು ಕಡೆ ಜೇಮ್ಸ್ ಬಸ್ಟರ್ ಡಗ್ಲಸ್. ದರ ಏರುತ್ತಾ ಏರುತ್ತಾ 42ಕ್ಕೆ 1ರವರೆಗೆ ಹೋಯಿತು. ಅಂದರೆ ಡಗ್ಲಸ್ ಮೇಲೆ 100 ಡಾಲರ್ ಕಟ್ಟಿ ಅವನು ಗೆದ್ದರೆ 4,200 ಡಾಲರ್ ಲಾಭ. ಊರಿನ ಉಳಿದ ಕ್ಯಾಸಿನೊಗಳು ದರ ಹಾಕುವ ಗೋಜಿಗೇ ಹೋಗಲಿಲ್ಲ. ಫಲಿತಾಂಶ ಗೊತ್ತಿರುವ ಪಂದ್ಯಕ್ಕೆ ಬೆಟ್ಟಿಂಗ್ ಯಾಕೆ, ಅಲ್ವಾ?

ಬಾಕ್ಸಿಂಗ್ ಹುಚ್ಚಿನವರು ಹರಟೆಗೆ ಕೂತರೆ ಎರಡು ಪಟ್ಟಿ ಬಂದೇ ಬರುತ್ತವೆ. ಇವನಿಂದ ಇಷ್ಟೇ ಅಂದುಕೊಂಡಿದ್ದೆವು, ಅದಕ್ಕಿಂತ ಜಾಸ್ತಿ ಮಾಡಿದ ಅನ್ನುವವರದು ಒಂದು. ಇವನ ಕೈಯಲ್ಲಿ ಏನೇನೋ ಆಗಬೇಕಿತ್ತು, ಏನೂ ಆಗಲಿಲ್ಲ ಅನ್ನುವವರದು ಇನ್ನೊಂದು. ಸಾಮಾನ್ಯವಾಗಿ ಒಬ್ಬ ಬಾಕ್ಸರ್ ಒಂದು ಪಟ್ಟಿಯಲ್ಲಿ ಮಾತ್ರ ಇರುತ್ತಾನೆ. ಡಗ್ಲಸ್ ಎರಡರಲ್ಲೂ ಇದ್ದಾನೆ. ಅದೂ ಒಂದೇ ವರ್ಷದ ಎರಡು ಪಂದ್ಯಗಳ ಕಾರಣಕ್ಕೆ. ಅವುಗಳ ನಡುವೆ ಇದ್ದದ್ದು 256 ದಿನ.

ನನ್ನ ವಾದ ಇಷ್ಟೇ. ಆ 256 ದಿನಗಳಲ್ಲಿ ಡಗ್ಲಸ್ ಬೇರೆ ಮನುಷ್ಯನಾಗಲಿಲ್ಲ. ನಾವು ಅವನ ಹಳೆಯ ದಾಖಲೆಯನ್ನು ಸರಿಯಾಗಿ ಓದಿರಲಿಲ್ಲ. ಫೆಬ್ರುವರಿಯಲ್ಲೂ ಓದಲಿಲ್ಲ, ಅಕ್ಟೋಬರ್‌ನಲ್ಲೂ ಓದಲಿಲ್ಲ.

ಅಪ್ಪನ ಕಸುಬು

ಡಗ್ಲಸ್ ಹುಟ್ಟಿದ್ದು 1960ರ ಏಪ್ರಿಲ್ 7ರಂದು, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಅಪ್ಪ ಬಿಲ್ಲಿ ಡಗ್ಲಸ್ ಕೂಡ ವೃತ್ತಿಪರ ಬಾಕ್ಸರ್. ರಿಂಗಿನಲ್ಲಿ ಅವನ ಅಡ್ಡಹೆಸರು ‘ಡೈನಮೈಟ್’. ಹೆಸರಿಗೆ ತಕ್ಕ ಹಾಗೆ ಮುನ್ನುಗ್ಗಿ ಹೊಡೆಯುವ, ಹೊಡೆತ ತಿಂದರೂ ಹಿಂದೆ ಸರಿಯದ ಆಸಾಮಿ. ಮಗನ ಸ್ವಭಾವ ಬೇರೆ. ಎತ್ತರದ ಹುಡುಗ, ಮೆತ್ತಗಿನ ಮಾತು, ಪ್ರಾಣ ಎಲ್ಲ ಬ್ಯಾಸ್ಕೆಟ್‌ಬಾಲ್ ಮೇಲೆ. 1977ರಲ್ಲಿ ಅವನ ಹೈಸ್ಕೂಲ್ ತಂಡ ಒಹಾಯೊ ರಾಜ್ಯ ಚಾಂಪಿಯನ್ ಆಯಿತು. ಆಮೇಲೆ ಕಾಲೇಜಿನಲ್ಲೂ ಸ್ವಲ್ಪ ದಿನ ಚೆಂಡು ಹಿಡಿದೇ ಕಳೆದ.

ಬಾಕ್ಸಿಂಗ್‌ಗೆ ವಾಪಸ್ ಬಂದು 1981ರಲ್ಲಿ ವೃತ್ತಿಪರನಾದ. ತರಬೇತಿ ಕೊಡುವವನು ಅಪ್ಪನೇ. ನಮ್ಮ ಕಡೆಯ ಗರಡಿಮನೆಗಳಲ್ಲೂ ಇದನ್ನು ನೋಡಬಹುದು. ಹೆಸರು ಮಾಡಿದ ಪೈಲ್ವಾನನ ಮಗನಿಗೆ ಮಣ್ಣು ಸುಲಭವಾಗಿ ಸಿಗುತ್ತದೆ, ಮನ್ನಣೆ ಸಿಗುವುದಿಲ್ಲ. ಅಪ್ಪನ ಪಟ್ಟು ಮಗನ ಮೈಗೆ ಒಗ್ಗುತ್ತದೆ ಅಂತ ಏನೂ ಇಲ್ಲ. ಬಿಲ್ಲಿಗೆ ಬೇಕಿದ್ದದ್ದು ಹತ್ತಿರ ನುಗ್ಗಿ ಹೊಡೆದಾಡುವ ಮಗ. ಸಿಕ್ಕಿದ್ದು ದೂರದಿಂದ ಉದ್ದ ಕೈ ಚಾಚಿ, ಲೆಕ್ಕ ಹಾಕಿ ಹೊಡೆಯುವ ಮಗ.

ಆ ಕೈ ಎಷ್ಟು ಉದ್ದ ಅಂದರೆ, ಎರಡೂ ತೋಳು ಅಗಲಿಸಿದರೆ ಬೆರಳ ತುದಿಯಿಂದ ಬೆರಳ ತುದಿಗೆ 83 ಇಂಚು. ಟೈಸನ್‌ನದು 71 ಇಂಚು. ಈ ಹನ್ನೆರಡು ಇಂಚು ನೆನಪಿರಲಿ.

ಯಾರೂ ಓದದ ಫೈಲು

ಟೈಸನ್ ಎದುರು ಇಳಿಯುವಾಗ ಡಗ್ಲಸ್ ಲೆಕ್ಕ ಹೀಗಿತ್ತು: 29 ಗೆಲುವು, 4 ಸೋಲು, 1 ಡ್ರಾ. ಪತ್ರಿಕೆಯವರು ಆ ನಾಲ್ಕು ಸೋಲನ್ನು ನೋಡಿ ಪುಟ ತಿರುವಿದರು. ಮೊದಲ ಸೋಲು 1981ರಲ್ಲಿ ಡೇವಿಡ್ ಬೇ ಎದುರು, ಎರಡನೇ ಸುತ್ತಿನಲ್ಲೇ. ಆಗಿನ್ನೂ ಎಳಸು, ಬಿಡಿ. 1983ರಲ್ಲಿ ಮೈಕ್ ವೈಟ್ ಎದುರು ಒಂಬತ್ತನೇ ಸುತ್ತಿನಲ್ಲಿ ಉಸಿರು ಕಳೆದುಕೊಂಡ. 1985ರಲ್ಲಿ ಜೆಸ್ಸಿ ಫರ್ಗುಸನ್ ಎದುರು ಅಂಕದ ಮೇಲೆ ಸೋತ.

ನಾಲ್ಕನೆಯದೇ ಮುಖ್ಯ. 1987ರ ಮೇ 30, ಲಾಸ್ ವೇಗಸ್. ಐಬಿಎಫ್ ಸಂಸ್ಥೆಯ ಹೆವಿವೇಟ್ ಪಟ್ಟ ಖಾಲಿ ಇತ್ತು. ಅದಕ್ಕಾಗಿ ಡಗ್ಲಸ್ ಮತ್ತು ಟೋನಿ ಟಕರ್ ಎದುರುಬದುರಾದರು. ಟಕರ್ ಆವರೆಗೆ ಸೋಲೇ ಕಂಡಿರಲಿಲ್ಲ. ಹಲವು ಸುತ್ತು ಡಗ್ಲಸ್ ಚೆನ್ನಾಗಿಯೇ ಆಡಿದ. ಜಾಬ್, ಅಂದರೆ ಮುಂದಿನ ಕೈಯನ್ನು ನೆಟ್ಟಗೆ ಚಾಚಿ ಕೊಡುವ ಗುದ್ದು, ಸಲೀಸಾಗಿ ಹೋಗಿ ಬೀಳುತ್ತಿತ್ತು. ಹತ್ತನೇ ಸುತ್ತಿನಲ್ಲಿ ಟಕರ್ ಒತ್ತಿ ಬಂದ. ಡಗ್ಲಸ್ ಹಗ್ಗಕ್ಕೆ ಒರಗಿ ಹೊಡೆತ ತಿನ್ನುತ್ತಾ ನಿಂತ. ತಿರುಗಿ ಹೊಡೆಯಲಿಲ್ಲ. ರೆಫರಿ ಪಂದ್ಯ ನಿಲ್ಲಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಿದ್ದು ಸೋತಿದ್ದರೆ ಒಂದು ಮಾತು. ನಿಂತಲ್ಲೇ ಬಿಟ್ಟುಕೊಟ್ಟ ಅನ್ನುವುದು ಅವನಿಗೆ ಅಂಟಿಕೊಂಡ ಆರೋಪ. ಆ ರಾತ್ರಿಯ ನಂತರ ಅಪ್ಪ ಮಗ ಕಸುಬಿನಲ್ಲಿ ಬೇರೆಯಾದರು. ತರಬೇತಿಗೆ ಚಿಕ್ಕಪ್ಪನೋ ಸೋದರಮಾವನೋ ಆಗುವ ಜೆ.ಡಿ. ಮೆಕಾಲೆ ಮತ್ತು ಜಾನ್ ರಸೆಲ್ ನಿಂತರು. ಮ್ಯಾನೇಜರ್ ಜಾನ್ ಜಾನ್ಸನ್.

ಈಗ ಫೈಲಿನ ಇನ್ನೊಂದು ಮಗ್ಗುಲು ನೋಡಿ. ಡಗ್ಲಸ್‌ನನ್ನು ನಿಲ್ಲಿಸಿದ ಅದೇ ಟಕರ್ ಎರಡು ತಿಂಗಳ ನಂತರ, ಆಗಸ್ಟ್ 1ರಂದು, ಟೈಸನ್ ಎದುರು ಹನ್ನೆರಡೂ ಸುತ್ತು ನಿಂತ. ಸೋತ, ಆದರೆ ಅಂಕದ ಮೇಲೆ. ಅಂದರೆ ಟಕರ್ ಸಾಮಾನ್ಯ ಆಳಲ್ಲ. ಇನ್ನು ಡಗ್ಲಸ್ ಗೆದ್ದವರ ಕಡೆ ಬನ್ನಿ. 1986ರಲ್ಲಿ ಮಾಜಿ ಚಾಂಪಿಯನ್ ಗ್ರೆಗ್ ಪೇಜ್. 1989ರ ಫೆಬ್ರುವರಿಯಲ್ಲಿ ಇನ್ನೊಬ್ಬ ಮಾಜಿ ಚಾಂಪಿಯನ್ ಟ್ರೆವರ್ ಬರ್ಬಿಕ್. ಟೈಸನ್ ತನ್ನ ಮೊದಲ ಪಟ್ಟ ಕಿತ್ತುಕೊಂಡಿದ್ದು ಈ ಬರ್ಬಿಕ್‌ನಿಂದಲೇ. 1989ರ ಜುಲೈನಲ್ಲಿ ಆಲಿವರ್ ಮೆಕಾಲ್. ಈ ಮೆಕಾಲ್ 1994ರಲ್ಲಿ ಲೆನಾಕ್ಸ್ ಲೂಯಿಸ್‌ನನ್ನು ಎರಡನೇ ಸುತ್ತಿನಲ್ಲಿ ಮಲಗಿಸಿ ವಿಶ್ವ ಚಾಂಪಿಯನ್ ಆದವನು. ಟಕರ್ ನಂತರ ಡಗ್ಲಸ್ ಒಂದೂ ಪಂದ್ಯ ಸೋತಿರಲಿಲ್ಲ.

ಇನ್ನೊಂದು ಸಂಗತಿ ಇದೆ, ನನಗೆ ಅದು ತುಂಬಾ ಇಷ್ಟ. ಟಕರ್ ಪಂದ್ಯ ನಡೆದದ್ದು ಟೈಸನ್ ಪಿಂಕ್ಲನ್ ಥಾಮಸ್‌ನನ್ನು ಎದುರಿಸಿದ ದಿನ, ಅದೇ ಜಾಗದಲ್ಲಿ. 1988ರ ಜೂನ್ 27ರಂದು ಟೈಸನ್ 91 ಸೆಕೆಂಡಿನಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು ಮುಗಿಸಿದ ರಾತ್ರಿಯೂ ಡಗ್ಲಸ್ ಅಲ್ಲೇ ಆಡಿದ್ದ. ಟೈಸನ್ ಫ್ರಾಂಕ್ ಬ್ರೂನೊನನ್ನು ಸೋಲಿಸಿದ ರಾತ್ರಿ ಡಗ್ಲಸ್ ಬರ್ಬಿಕ್‌ನನ್ನು ಸೋಲಿಸಿದ. ಟೈಸನ್ 93 ಸೆಕೆಂಡಿನಲ್ಲಿ ಕಾರ್ಲ್ ವಿಲಿಯಮ್ಸ್‌ನನ್ನು ಮುಗಿಸಿದ ರಾತ್ರಿ ಡಗ್ಲಸ್ ಮೆಕಾಲ್‌ನನ್ನು ಸೋಲಿಸಿದ. ನಾಲ್ಕು ಸಲ ಒಂದೇ ಸೂರಿನಡಿ. ಒಬ್ಬನದು ಮುಖ್ಯ ಪಂದ್ಯ, ಇನ್ನೊಬ್ಬನದು ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗಿನ ಪಂದ್ಯ. ಚಿಕ್ಕಂದಿನಲ್ಲಿ ಆಟಕ್ಕೆ ಸೇರಿಸಿಕೊಂಡ ಸಣ್ಣ ಮಕ್ಕಳಿಗೆ ಹೇಳುತ್ತಿದ್ದೆವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ, ಹಾಗೆ.

ಜನ ಡಗ್ಲಸ್‌ನನ್ನು ನೋಡಿರಲಿಲ್ಲ ಅಂತಲ್ಲ. ನೋಡಿದ್ದರು, ಗಮನಿಸಿರಲಿಲ್ಲ. ಆ 42ಕ್ಕೆ 1 ಅನ್ನುವ ದರ ಟೈಸನ್ ಮೇಲಿನ ಭಯದ ಅಳತೆ. ಡಗ್ಲಸ್‌ನ ಅಳತೆ ಅದರಲ್ಲಿ ಇರಲೇ ಇಲ್ಲ.

ಆ ಕಡೆ ಟೈಸನ್

ಟೈಸನ್ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. ವಯಸ್ಸು 23. 37 ಪಂದ್ಯ, 37 ಗೆಲುವು, ಅದರಲ್ಲಿ 33 ನಾಕೌಟ್. ಅವನನ್ನು ಸಾಕಿ ಬೆಳೆಸಿದ ಗುರು ಕಸ್ ಡಿ’ಅಮಾಟೊ 1985ರಲ್ಲೇ ತೀರಿಕೊಂಡಿದ್ದರು. ವ್ಯವಹಾರ ನೋಡಿಕೊಳ್ಳುತ್ತಿದ್ದ ಜಿಮ್ ಜೇಕಬ್ಸ್ 1988ರಲ್ಲಿ ಹೋದರು. ಅದೇ ವರ್ಷ ಟೈಸನ್ ತನ್ನ ಟ್ರೇನರ್ ಕೆವಿನ್ ರೂನಿಯನ್ನು ತೆಗೆದುಹಾಕಿದ. ತಲೆ ಅಲ್ಲಾಡಿಸುತ್ತಾ, ಬಗ್ಗಿ ಒಳನುಗ್ಗಿ, ಒಂದರ ಹಿಂದೆ ಒಂದು ಗುದ್ದು ಕೊಡುವ ಆ ಹಳೆಯ ಟೈಸನ್‌ಗೆ ರೂನಿ ದಿನಾ ಸಾಣೆ ಹಿಡಿಯುತ್ತಿದ್ದ. ಅವನು ಹೋದ ಮೇಲೆ ಉಳಿದದ್ದು ಒಂದೇ ಗುದ್ದಿಗೆ ಮುಗಿಸುವ ಆತುರ.

ಮುಂದಿನ ದೊಡ್ಡ ಪಂದ್ಯವೂ ಗೊತ್ತಾಗಿತ್ತು. ಪ್ರವರ್ತಕ ಡಾನ್ ಕಿಂಗ್ ಜೂನ್‌ನಲ್ಲಿ ಟೈಸನ್ ಮತ್ತು ಇವಾಂಡರ್ ಹೋಲಿಫೀಲ್ಡ್ ಪಂದ್ಯಕ್ಕೆ ತಯಾರಿ ನಡೆಸಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಅದೇ. ಟೋಕಿಯೊ ಪಂದ್ಯ ಮೈ ಬಿಸಿ ಮಾಡಿಕೊಳ್ಳಲು. ಟೈಸನ್‌ಗೆ ಸುಮಾರು 60 ಲಕ್ಷ ಡಾಲರ್, ಡಗ್ಲಸ್‌ಗೆ 13 ಲಕ್ಷ.

ಟೋಕಿಯೊದ ಅಭ್ಯಾಸದಲ್ಲಿ ಒಂದು ಎಚ್ಚರಿಕೆಯ ಗಂಟೆ ಬಾರಿಸಿತ್ತು. ಟೈಸನ್ ಜೊತೆ ಸ್ಪಾರಿಂಗ್, ಅಂದರೆ ಅಭ್ಯಾಸದ ಗುದ್ದಾಟ, ಮಾಡುತ್ತಿದ್ದವನು ಅವನನ್ನು ಕೆಳಗೆ ಬೀಳಿಸಿದ. ಯಾರು ಗೊತ್ತಾ? ಗ್ರೆಗ್ ಪೇಜ್. ನಾಲ್ಕು ವರ್ಷದ ಹಿಂದೆ ಡಗ್ಲಸ್ ಸೋಲಿಸಿದ ಅದೇ ಪೇಜ್. ಸುದ್ದಿ ಪತ್ರಿಕೆಗಳಲ್ಲಿ ಬಂತು. ಯಾರೂ ಸೊಪ್ಪು ಹಾಕಲಿಲ್ಲ.

ಅಮ್ಮ

ಡಗ್ಲಸ್ ತಾಯಿ ಲೂಲಾ ಪರ್ಲ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು, ನನ್ನ ಮಗ ಟೈಸನ್‌ಗೆ ಬಾರಿಸುತ್ತಾನೆ ಅಂತ. ಕೇಳಿದವರು ನಕ್ಕಿರಬೇಕು. ಪಂದ್ಯಕ್ಕೆ ಮೂರು ವಾರ ಚಿಲ್ಲರೆ ದಿನ ಇರುವಾಗ, ಜನವರಿ 18ರಂದು, ಆ ತಾಯಿ ತೀರಿಕೊಂಡರು. ಪಂದ್ಯ ಮುಂದಕ್ಕೆ ಹೋಗಲಿಲ್ಲ. ಮಗ ಮಣ್ಣು ಮಾಡಿ ಬಂದು ಅಭ್ಯಾಸಕ್ಕೆ ನಿಂತ.

ಡಗ್ಲಸ್ ಗೆದ್ದದ್ದು ಅಮ್ಮನಿಗಾಗಿ ಅಂತ ಎಲ್ಲರೂ ಬರೆಯುತ್ತಾರೆ. ಪಂದ್ಯ ಮುಗಿದ ಮೇಲೆ ಟಿವಿಯವರ ಮುಂದೆ ಅವನೇ ಅತ್ತು ಹಾಗೆ ಹೇಳಿದ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದುಃಖ ಒಂದೇ ಯಾರಿಗೂ ಜಾಬ್ ಹೊಡೆಯಲು ಕಲಿಸುವುದಿಲ್ಲ. ಜಾಬ್ ಮೊದಲೇ ಇತ್ತು. ಆ ಮೂರು ವಾರದಲ್ಲಿ ಹೋದದ್ದು ಭಯ ಅಂತ ನನಗೆ ಅನಿಸುತ್ತದೆ. ಅಮ್ಮನನ್ನು ಮಣ್ಣು ಮಾಡಿ ಬಂದವನಿಗೆ ಟೈಸನ್ ಏನು ಮಾಡಿಯಾನು? ಉಳಿದವರೆಲ್ಲ ರಿಂಗಿಗೆ ಹತ್ತುವ ಮುಂಚೆಯೇ ಅರ್ಧ ಸೋತಿರುತ್ತಿದ್ದರು.

ಟೋಕಿಯೊ, ಫೆಬ್ರುವರಿ 11

ಟೋಕಿಯೊ ಡೋಮ್. ಅಲ್ಲಿ ಭಾನುವಾರ ಹಗಲು ಹೊತ್ತು, ಯಾಕೆಂದರೆ ಅಮೆರಿಕದ ಎಚ್‌ಬಿಒ ಚಾನೆಲ್‌ಗೆ ಶನಿವಾರ ರಾತ್ರಿ ಬೇಕಿತ್ತು. ವಿಡಿಯೊ ಹಾಕಿ ನೋಡಿ, ಮೊದಲು ಕಿವಿಗೆ ಬೀಳುವುದು ಮೌನ. ಜಪಾನಿ ಪ್ರೇಕ್ಷಕರು ಕೈಕಟ್ಟಿ ಕೂತಂತೆ ಕೂತಿದ್ದಾರೆ. ಗುದ್ದು ಬಿದ್ದ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಕಾರ್ನರ್‌ನವರು, ಅಂದರೆ ರಿಂಗಿನ ಮೂಲೆಯಲ್ಲಿರುವ ಬಾಕ್ಸರ್‌ನ ಕಡೆಯವರು, ಕೂಗುವುದೂ ಕೇಳುತ್ತದೆ.

ತೂಕ ಡಗ್ಲಸ್‌ದು 231.5 ಪೌಂಡ್, ಅಂದರೆ 105 ಕಿಲೊ. ಟೈಸನ್ 220.5 ಪೌಂಡ್, ಸರಿಯಾಗಿ 100 ಕಿಲೊ.

ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ. ಡಗ್ಲಸ್ ಎಡಗೈ ಜಾಬ್ ಚಾಚುತ್ತಾನೆ, ಟೈಸನ್ ಮುಖಕ್ಕೆ ಬಡಿಯುತ್ತದೆ. ಟೈಸನ್ ಒಳಗೆ ಬರಲು ನೋಡುತ್ತಾನೆ, ಬಲಗೈ ಬರುತ್ತದೆ. ಹೇಗೋ ನುಗ್ಗಿ ಹತ್ತಿರ ಬಂದರೆ ಡಗ್ಲಸ್ ತೋಳಿನಲ್ಲಿ ಅಪ್ಪಿ ಹಿಡಿಯುತ್ತಾನೆ. ರೆಫರಿ ಬಿಡಿಸುತ್ತಾರೆ. ಮತ್ತೆ ಜಾಬ್. ಹೊಡೆದ ಮೇಲೆ ನಿಂತಲ್ಲೇ ನಿಲ್ಲುವುದಿಲ್ಲ, ಪಕ್ಕಕ್ಕೆ ಒಂದು ಹೆಜ್ಜೆ. ಟೈಸನ್ ತಿರುಗಿ ಗುರಿ ಹಿಡಿಯುವಷ್ಟರಲ್ಲಿ ಅವನು ಅಲ್ಲಿಲ್ಲ. ಬ್ಯಾಸ್ಕೆಟ್‌ಬಾಲ್ ಆಡಿದ ಕಾಲು ಅಂತ ಹೇಳಿದರೆ ನಂಬಬಹುದು. ಆ ಹನ್ನೆರಡು ಇಂಚಿನ ಕೆಲಸ ಇದು. ಟೈಸನ್ ತಲೆ ಅಲ್ಲಾಡಿಸದೆ ನೇರ ಬಂದದ್ದರಿಂದ ಅದು ಇನ್ನೂ ಸುಲಭವಾಯಿತು.

ಐದನೇ ಸುತ್ತಿನ ಹೊತ್ತಿಗೆ ಟೈಸನ್‌ನ ಎಡಗಣ್ಣು ಊದಿಕೊಳ್ಳತೊಡಗಿತು. ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ಬಾಕ್ಸರ್‌ನ ಮುಖ ಊದಿದರೆ ಕಾರ್ನರ್‌ನವರು ಇಸ್ತ್ರಿಪೆಟ್ಟಿಗೆಯ ಮರಿಯಂಥ ಒಂದು ಲೋಹದ ತುಂಡನ್ನು ಐಸ್‌ನಲ್ಲಿ ಇಟ್ಟು, ತಣ್ಣಗೆ ಮಾಡಿ, ಊತದ ಮೇಲೆ ಒತ್ತುತ್ತಾರೆ. ಯಾವ ಸಣ್ಣ ಊರಿನ ಪಂದ್ಯದಲ್ಲೂ ಅದು ಇರುತ್ತದೆ. ವಿಶ್ವ ಚಾಂಪಿಯನ್‌ನ ಕಾರ್ನರ್‌ನಲ್ಲಿ ಅದು ಇರಲಿಲ್ಲ. ಅವನ ಟ್ರೇನರ್‌ಗಳಾದ ಏರನ್ ಸ್ನೋವೆಲ್ ಮತ್ತು ಜೇ ಬ್ರೈಟ್ ಒಂದು ರಬ್ಬರ್ ಗ್ಲೌಸಿಗೆ ತಣ್ಣೀರು ತುಂಬಿ ಅದನ್ನೇ ಕಣ್ಣಿಗೆ ಹಿಡಿದರು. ನೀರು ತುಂಬಿದ ಬಲೂನಿನ ಹಾಗೆ ಅದು ಟೈಸನ್ ಕೆನ್ನೆ ಮೇಲೆ ಜೋತಾಡುವುದನ್ನು ನೋಡಿದಾಗ ನಗಬೇಕೋ ಮರುಗಬೇಕೋ ಗೊತ್ತಾಗುವುದಿಲ್ಲ. ಸಾಮಾನು ತರದಿದ್ದದ್ದು ಮರೆವು ಇರಬಹುದು. ಅದು ಬೇಕಾಗಬಹುದು ಅನ್ನುವ ಯೋಚನೆಯೇ ಬರದಿದ್ದದ್ದು ಬರೀ ಮರೆವಲ್ಲ.

ಎಂಟನೇ ಸುತ್ತು. ಡಗ್ಲಸ್ ಆರಾಮಾಗಿ ಹೊಡೆಯುತ್ತಿದ್ದಾನೆ. ಸುತ್ತು ಮುಗಿಯಲು ಕೆಲವೇ ಸೆಕೆಂಡು. ಆಗ ಟೈಸನ್ ಕೆಳಗಿನಿಂದ ಒಂದು ಬಲಗೈ ಅಪ್ಪರ್‌ಕಟ್ ಎತ್ತಿದ. ಡಗ್ಲಸ್ ಬೆನ್ನು ಮೇಲಾಗಿ ಅಲ್ಲ, ಅಂಗಾತ ಬಿದ್ದ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಟೈಸನ್‌ನ ಹಿಂದಿನ ಪಂದ್ಯಗಳೂ ಹಾಗೇ ಹೇಳುತ್ತಿದ್ದವು. ಮೂರು ವರ್ಷದ ಹಿಂದಿನ ಟಕರ್ ಪಂದ್ಯವೂ ಹಾಗೇ ಹೇಳುತ್ತಿತ್ತು.

ವಿಡಿಯೊವನ್ನು ಇಲ್ಲಿ ನಿಧಾನ ಮಾಡಿ ನೋಡಿ. ಬಿದ್ದ ಡಗ್ಲಸ್ ಮೊಣಕೈ ಊರಿ ಏಳುತ್ತಾ ಮುಷ್ಟಿಯಿಂದ ನೆಲಕ್ಕೆ ಒಂದು ಗುದ್ದುತ್ತಾನೆ. ನೋವಿಗೆ ಅಲ್ಲ, ಸಿಟ್ಟಿಗೆ. ಛೆ, ಎಂಥ ಕೆಲಸ ಆಯ್ತು ಅನ್ನುವ ಹಾಗೆ. ಪಾತ್ರೆ ಒಲೆಯಿಂದ ಉಕ್ಕಿದಾಗ ನಾವು ಕಟ್ಟೆಗೆ ಕೈ ಬಡಿಯುತ್ತೇವಲ್ಲ, ಅಷ್ಟೇ ಸಹಜವಾಗಿ. ಆಮೇಲೆ ರೆಫರಿಯ ಎಣಿಕೆ ನೋಡುತ್ತಾ ಒಂಬತ್ತಕ್ಕೆ ಎದ್ದು ನಿಂತ. ಗಂಟೆ ಬಾರಿಸಿತು.

ಒಂಬತ್ತನೇ ಸುತ್ತಿನಲ್ಲಿ ಟೈಸನ್ ಮುಗಿಸಲು ಓಡಿ ಬಂದ. ಬಂದವನನ್ನು ಡಗ್ಲಸ್ ಹಗ್ಗಕ್ಕೆ ಒತ್ತಿ ಹೊಡೆದ. ಹತ್ತನೇ ಸುತ್ತು, 1 ನಿಮಿಷ ದಾಟಿದೆ. ಜಾಬ್, ಜಾಬ್, ಆಮೇಲೆ ಬಲಗೈ ಅಪ್ಪರ್‌ಕಟ್. ಟೈಸನ್‌ನ ತಲೆ ಮೇಲಕ್ಕೆ ಹಾರಿತು. ಅದು ವಾಪಸ್ ಕೆಳಗೆ ಬರುವ ಮುಂಚೆ ಎಡ, ಬಲ, ಎಡ. ಟೈಸನ್ ವೃತ್ತಿಪರ ಪಂದ್ಯದಲ್ಲಿ ಮೊದಲ ಬಾರಿಗೆ ಕೆಳಗೆ ಬಿದ್ದ.

ಬಾಯಿಯ ಮೌತ್‌ಪೀಸ್ ಹಾರಿ ನೆಲದ ಮೇಲಿತ್ತು. ಟೈಸನ್ ನಾಲ್ಕು ಕಾಲಿನ ಮೇಲೆ ತಡಕಾಡಿ ಅದನ್ನು ಹುಡುಕಿದ. ಸಿಕ್ಕಿತು. ಗ್ಲೌಸ್ ಕೈಯಲ್ಲಿ ಹಿಡಿದು ಬಾಯಿಗೆ ತುರುಕಿಕೊಂಡ. ಅದು ಸರಿಯಾಗಿ ಕೂರಲಿಲ್ಲ, ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಹೊರಗೆ. ಹಾಗೇ ಎದ್ದು ತೂರಾಡಿದ. ರೆಫರಿ ಒಕ್ಟಾವಿಯೊ ಮೇರಾನ್ ಹತ್ತು ಎಣಿಸಿ ಅವನನ್ನು ತಬ್ಬಿಕೊಂಡರು.

ಎಣಿಕೆಯ ತಕರಾರು

ಪಂದ್ಯ ಮುಗಿದು ಕೆಲವೇ ಗಂಟೆಯಲ್ಲಿ ಡಾನ್ ಕಿಂಗ್ ಗದ್ದಲ ಎಬ್ಬಿಸಿದ. ಎಂಟನೇ ಸುತ್ತಿನಲ್ಲಿ ಡಗ್ಲಸ್ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊತ್ತು ಕೆಳಗಿದ್ದ, ಹಾಗಾಗಿ ಗೆದ್ದವನು ಟೈಸನ್ ಅಂತ ಅವನ ವಾದ. ಗಡಿಯಾರ ಹಿಡಿದು ನೋಡಿದರೆ ಮಾತು ಸುಳ್ಳಲ್ಲ. ರಿಂಗಿನ ಪಕ್ಕದ ಟೈಮ್‌ಕೀಪರ್ ಎಣಿಕೆ ಶುರು ಮಾಡಿದ್ದರು. ಮೇರಾನ್ ಅದಕ್ಕೆ ದನಿಗೂಡಿಸದೆ ತಮ್ಮದೇ ‘ಒಂದು’ ಶುರು ಮಾಡಿದರು. ತಪ್ಪಾಯಿತು ಅಂತ ಆಮೇಲೆ ಅವರೇ ಒಪ್ಪಿಕೊಂಡರು.

ಆದರೆ ಬಿದ್ದ ಬಾಕ್ಸರ್ ಕೇಳಬೇಕಾದದ್ದು ರೆಫರಿಯ ಎಣಿಕೆ. ಅವನ ಕೈಯಲ್ಲಿ ಗಡಿಯಾರ ಇರುವುದಿಲ್ಲ. ರೆಫರಿ ಒಂಬತ್ತು ಅನ್ನುವ ತನಕ ಕೂತು ಉಸಿರು ತಗೊಳ್ಳುವುದು ಎಲ್ಲ ಅನುಭವಸ್ಥರೂ ಮಾಡುವ ಕೆಲಸ. ಇನ್ನೊಂದು ವಿಷಯ. ಹತ್ತನೇ ಸುತ್ತಿನಲ್ಲಿ ಟೈಸನ್ ಬಿದ್ದಾಗಲೂ ಮೇರಾನ್ ಅಷ್ಟೇ ನಿಧಾನವಾಗಿ ಎಣಿಸಿದರು. ಅಲ್ಲೂ ಹತ್ತು ಸೆಕೆಂಡಿಗಿಂತ ಜಾಸ್ತಿ ಸಿಕ್ಕಿತ್ತು. ತಕ್ಕಡಿ ಕೆಟ್ಟಿತ್ತು ನಿಜ, ಇಬ್ಬರಿಗೂ ಅದೇ ತಕ್ಕಡಿ.

ಐಬಿಎಫ್ ಹಾಗೇ ವಿಶ್ವ ಪಟ್ಟ ಕೊಡುವ ಡಬ್ಲ್ಯುಬಿಸಿ ಮತ್ತು ಡಬ್ಲ್ಯುಬಿಎ ಎರಡೂ ಸಂಸ್ಥೆಗಳು ಫಲಿತಾಂಶ ತಡೆಹಿಡಿದವು. ಐಬಿಎಫ್ ಮಾತ್ರ ಡಗ್ಲಸ್ ಪರ ನಿಂತಿತು. ಜನ ಎಷ್ಟು ಬೈದರು ಅಂದರೆ ಕೆಲವೇ ದಿನಗಳಲ್ಲಿ ಎಲ್ಲರೂ ಜಾರಿಕೊಂಡರು. ಪಟ್ಟ ಡಗ್ಲಸ್‌ನದಾಯಿತು.

ತಕರಾರಿಗಿಂತ ಬೆರಗು ಹುಟ್ಟಿಸುವುದು ಜಡ್ಜುಗಳ ಅಂಕಪಟ್ಟಿ. ಒಂಬತ್ತು ಸುತ್ತಿನ ನಂತರ ಅಮೆರಿಕದ ಜಡ್ಜ್ ಲ್ಯಾರಿ ರೊಜಾಡಿಲ್ಲಾ ಪ್ರಕಾರ 88-82, ಡಗ್ಲಸ್ ಮುಂದೆ. ಜಪಾನಿನ ಇಬ್ಬರಲ್ಲಿ ಒಬ್ಬರದು 86-86, ಸಮ. ಇನ್ನೊಬ್ಬರದು 87-86, ಟೈಸನ್ ಮುಂದೆ! ಕಣ್ಣು ಮುಚ್ಚಿಹೋಗುವಷ್ಟು ಹೊಡೆತ ತಿಂದವನು ಮುಂದಿದ್ದ. ಬೆಟ್ಟಿಂಗ್ ಮಂದಿಯಷ್ಟೇ ಅಲ್ಲ, ಎದುರಿಗೆ ಕೂತು ನೋಡುತ್ತಿದ್ದವರೂ ತಲೆಯಲ್ಲಿದ್ದ ಟೈಸನ್‌ಗೆ ಅಂಕ ಕೊಡುತ್ತಿದ್ದರು ಅಂತ ಕಾಣುತ್ತದೆ.

256 ದಿನ

ಕೊಲಂಬಸ್‌ಗೆ ವಾಪಸ್ ಬಂದವನು ರಾತ್ರೋರಾತ್ರಿ ದೊಡ್ಡ ಮನುಷ್ಯ. ಟಿವಿ ಕುಸ್ತಿಯಲ್ಲಿ ಟೈಸನ್ ಅತಿಥಿ ರೆಫರಿಯಾಗಿ ಹೋಗಬೇಕಿತ್ತು, ಆ ಕರೆಯೂ ಡಗ್ಲಸ್‌ಗೆ ಬಂತು, ಹೋದ. ಸೆಗಾ ಕಂಪನಿ ಅವನ ಹೆಸರಿನಲ್ಲಿ ವಿಡಿಯೊ ಗೇಮ್ ತಂದಿತು. ಇನ್ನೊಂದು ಕಡೆ ಕೋರ್ಟು. ಮುಂದಿನ ಪಂದ್ಯ ಯಾರು ನಡೆಸಬೇಕು ಅನ್ನುವ ವಿಷಯದಲ್ಲಿ ಡಾನ್ ಕಿಂಗ್ ಜೊತೆ ನ್ಯೂಯಾರ್ಕ್‌ನಲ್ಲಿ ಕೇಸು. ಬೇಸಿಗೆಯಲ್ಲಿ ಹೇಗೋ ರಾಜಿಯಾಯಿತು. ವಕೀಲರ ಮುಂದೆ ಕೂತಷ್ಟು ಹೊತ್ತು ಜಿಮ್‌ನಲ್ಲಿ ಕಳೆಯಲಿಲ್ಲ ಅಂತ ತೂಕದ ಕಾಟಾ ಹೇಳಿತು.

ಪಂದ್ಯ ಹೋಲಿಫೀಲ್ಡ್ ಎದುರು, 1990ರ ಅಕ್ಟೋಬರ್ 25. ಜಾಗ ಅದೇ ಮಿರಾಜ್. ಡಗ್ಲಸ್ ಗೆಲ್ಲುವುದಕ್ಕೆ 42ಕ್ಕೆ 1 ಕೊಟ್ಟಿದ್ದ ಕ್ಯಾಸಿನೊ ಈಗ ಅವನಿಗೆ ಸುಮಾರು 2.4 ಕೋಟಿ ಡಾಲರ್ ಕೊಡುತ್ತಿತ್ತು. ಟೋಕಿಯೊದಲ್ಲಿ ಸಿಕ್ಕಿದ್ದರ ಹದಿನೆಂಟು ಪಟ್ಟು. ತೂಕ ನೋಡಲು ಅಂಗಿ ಬಿಚ್ಚಿ ನಿಂತಾಗ ಕಾಟಾ ತೋರಿಸಿದ್ದು 246 ಪೌಂಡ್. ಟೋಕಿಯೊಗಿಂತ ಆರೂವರೆ ಕಿಲೊ ಜಾಸ್ತಿ, ಅದೆಲ್ಲ ಸೊಂಟದ ಸುತ್ತ. ಹೋಲಿಫೀಲ್ಡ್ 208 ಪೌಂಡ್, ಕಡೆದಿಟ್ಟ ಹಾಗೆ. ಗೊತ್ತಿದ್ದವರು ಅಲ್ಲೇ ತಲೆ ಆಡಿಸಿದರು.

ಪಂದ್ಯದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೂರನೇ ಸುತ್ತಿನಲ್ಲಿ ಡಗ್ಲಸ್ ದೂರದಿಂದ, ಜಾಬ್ ಹಾಕದೆ, ಸುಮ್ನೆ ಒಂದು ಬಲಗೈ ಅಪ್ಪರ್‌ಕಟ್ ಬೀಸಿದ. ಟೋಕಿಯೊದಲ್ಲಿ ಟೈಸನ್‌ನ ತಲೆ ಎತ್ತಿದ ಅದೇ ಗುದ್ದು. ಅಲ್ಲಿ ಮೊದಲು ಜಾಬ್ ದಾರಿ ಮಾಡಿಕೊಟ್ಟಿತ್ತು. ಇಲ್ಲಿ ಗುದ್ದು ಗಾಳಿಗೆ ಹೋಯಿತು. ಹೋಲಿಫೀಲ್ಡ್ ಹಿಂದಕ್ಕೆ ವಾಲಿ, ನೆಟ್ಟಗೆ ಒಂದು ಬಲಗೈ ಕೊಟ್ಟ. ಅಷ್ಟೇ.

ಇದರ ನಂತರ ಅಮೆರಿಕದ ಪತ್ರಿಕೆಗಳು ಅವನನ್ನು ಬಿಡಲಿಲ್ಲ. ಹಣ ಸಿಕ್ಕಿತು, ಹಸಿವು ಹೋಯಿತು, ಟೋಕಿಯೊದ್ದು ಅದೃಷ್ಟ ಅಂದರು. ಅದೃಷ್ಟ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅದೃಷ್ಟದ ಗುದ್ದು ಒಂದು ಬೀಳಬಹುದು. ಒಂಬತ್ತು ಸುತ್ತು ಜಾಬ್ ಬೀಳುವುದಿಲ್ಲ. ಹಾಗಂತ ಹಣ ಕೆಡಿಸಿತು ಅನ್ನುವುದೂ ಅರ್ಧ ಮಾತು. 1983ರಲ್ಲಿ ಮೈಕ್ ವೈಟ್ ಎದುರು ಉಸಿರು ಕಟ್ಟಿದಾಗ ಯಾವ ಕೋಟಿ ಇತ್ತು? 1987ರಲ್ಲಿ ಹಗ್ಗಕ್ಕೆ ಒರಗಿ ನಿಂತಾಗ? ಅಭ್ಯಾಸ ಮಾಡಿ ಬಂದ ದಿನ ಯಾರನ್ನಾದರೂ ಸೋಲಿಸಬಲ್ಲ, ಮಾಡದೆ ಬಂದ ದಿನ ಯಾರಿಗಾದರೂ ಸೋಲಬಲ್ಲ. ಫೈಲಿನಲ್ಲಿ ಹತ್ತು ವರ್ಷದಿಂದ ಅದೇ ಬರೆದಿತ್ತು. ಫೆಬ್ರುವರಿಯಲ್ಲಿ ಜನ ಕೆಟ್ಟ ಪುಟ ಮಾತ್ರ ನೋಡಿದ್ದರು, ಅಕ್ಟೋಬರ್‌ನಲ್ಲಿ ಒಳ್ಳೆಯ ಪುಟ ಮಾತ್ರ.

ಹೋಲಿಸಿ ನೋಡಲು ಹೋಲಿಫೀಲ್ಡ್‌ನೇ ಇದ್ದಾನೆ. ಅವನು ಹೆವಿವೇಟ್‌ಗೆ ಸಣ್ಣವನು ಅನ್ನುವವರೇ ಜಾಸ್ತಿ ಇದ್ದರು. ಅವನ ದೇಹ ಪ್ರತಿ ಪಂದ್ಯಕ್ಕೂ ಒಂದೇ ಥರ ತಯಾರಾಗಿ ಬರುತ್ತಿತ್ತು. ಅವನು ನಾಲ್ಕು ಸಲ ಹೆವಿವೇಟ್ ಚಾಂಪಿಯನ್ ಆದ. ಡಗ್ಲಸ್‌ಗಿಂತ ಕೈ ಗಿಡ್ಡ, ಎತ್ತರ ಕಡಿಮೆ.

ಆಮೇಲೆ

ಡಗ್ಲಸ್ ಆ ಪಂದ್ಯದ ನಂತರ ಬಾಕ್ಸಿಂಗ್ ಬಿಟ್ಟ. ತೂಕ ಏರುತ್ತಾ 400 ಪೌಂಡ್ ಹತ್ತಿರ ಹೋಯಿತು, ಅಂದರೆ 180 ಕಿಲೊ. 1994ರಲ್ಲಿ ಸಕ್ಕರೆ ಕಾಯಿಲೆ ಕೈಮೀರಿ ಕೋಮಾಕ್ಕೆ ಜಾರಿದ. ಬದುಕಿ ಬಂದದ್ದೇ ದೊಡ್ಡದು. ಅಲ್ಲಿಂದ ಎದ್ದವನು ಮತ್ತೆ ಜಿಮ್‌ಗೆ ಹೋದ, ತೂಕ ಇಳಿಸಿದ, 1996ರಲ್ಲಿ ರಿಂಗಿಗೆ ಹತ್ತಿದ. ಆರು ಪಂದ್ಯ ಸೋಲಿಲ್ಲದೆ ಆಡಿ, 1998ರಲ್ಲಿ ಲೂ ಸವರೀಸ್ ಎದುರು ಮೊದಲ ಸುತ್ತಿನಲ್ಲೇ ಬಿದ್ದ. 1999ರಲ್ಲಿ ಕೈಗ್ಲೌಸ್ ಪೂರ್ತಿ ಬಿಚ್ಚಿದ. ಕೊನೆಯ ಲೆಕ್ಕ 38 ಗೆಲುವು, 6 ಸೋಲು, 1 ಡ್ರಾ. ಅದೇ ವರ್ಷ ಅಪ್ಪ ಬಿಲ್ಲಿ ತೀರಿಕೊಂಡರು. ಈಚಿನ ವರ್ಷಗಳಲ್ಲಿ ಡಗ್ಲಸ್ ಕೊಲಂಬಸ್‌ನಲ್ಲೇ ಮಕ್ಕಳಿಗೆ ಬಾಕ್ಸಿಂಗ್ ಕಲಿಸಿದ್ದಾನೆ.

ವಾಪಸ್ ಬಂದ ಆ ಮೂರು ವರ್ಷಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಪಟ್ಟ ಸಿಗಲಿಲ್ಲ, ಅದಕ್ಕೆ. ಆದರೆ ಆಸ್ಪತ್ರೆ ಹಾಸಿಗೆಯಿಂದ ಎದ್ದು, ನೂರೆಂಬತ್ತು ಕಿಲೊದ ಮೈ ಇಳಿಸಿಕೊಂಡು, ಯಾರೂ ಕಾಯದೆ ಇದ್ದಾಗ ಅಭ್ಯಾಸಕ್ಕೆ ಹೋದವನು ಇವನೇ ಅಲ್ವಾ? ಸೋಮಾರಿ ಅಂತ ಬರೆದವರು ಈ ಪುಟವನ್ನೂ ಬಿಟ್ಟರು.

ಕೊನೆಗೆ ನಾನು ಮತ್ತೆ ಮತ್ತೆ ಹೋಗುವುದು ಆ ಎರಡು ವಿಡಿಯೊಗಳಿಗೆ. ಅವನು ಕೆಳಗೆ ಬಿದ್ದ ಆ ಕೆಲವು ಸೆಕೆಂಡುಗಳಿಗೆ. ಲಾಸ್ ವೇಗಸ್‌ನಲ್ಲಿ ಅವನು ಬೆನ್ನ ಮೇಲೆ ಮಲಗಿದ್ದಾನೆ. ಕಣ್ಣು ತೆರೆದಿದೆ. ರೆಫರಿ ಮಿಲ್ಸ್ ಲೇನ್ ಬಗ್ಗಿ ಎಣಿಸುತ್ತಿದ್ದಾರೆ. ಡಗ್ಲಸ್ ಗ್ಲೌಸ್ ಎತ್ತಿ ಮೂಗಿಗೆ ಒತ್ತಿ, ರಕ್ತ ಬಂತಾ ಅಂತ ನೋಡುವವನ ಹಾಗೆ ಮುಖ ಒರೆಸಿಕೊಳ್ಳುತ್ತಾನೆ. ಎಣಿಕೆ ಸಾಗುತ್ತದೆ. ನಾನು ಪ್ರತಿ ಸಲವೂ ಆ ಕೈ ಕೆಳಗಿಳಿದು ನೆಲಕ್ಕೆ ಒಂದು ಗುದ್ದುತ್ತದೇನೋ ಅಂತ ನೋಡುತ್ತೇನೆ. ಅದು ಮುಖದ ಮೇಲೆಯೇ ಇರುತ್ತದೆ.